ತೆರೆದ ಕಡತ, ಮುಚ್ಚಿದ ಸಾಲು

ನಿಮ್ಮ ಊರಿನ ಗ್ರಾಮ ಪಂಚಾಯಿತಿ, ತಾಲ್ಲೂಕು ಕಚೇರಿ, ಇಲ್ಲವೇ ನಿಮ್ಮ ವಿಶ್ವವಿದ್ಯಾಲಯದ ಆಡಳಿತ ಕಚೇರಿ, ಇವುಗಳಲ್ಲಿ ಯಾವುದಕ್ಕೆ ಹೋದರೂ ಬಾಗಿಲ ಬಳಿ ಗೋಡೆಯ ಮೇಲೆ ಒಂದು ಫಲಕ ಇರಬೇಕು. ಅದರಲ್ಲಿ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದು ಒಂದು ಸಾಲು, ‘ಪ್ರಥಮ ಮೇಲ್ಮನವಿ ಪ್ರಾಧಿಕಾರಿ’ ಎಂದು ಇನ್ನೊಂದು ಸಾಲು ಬರೆದಿರುತ್ತದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ಓದದೆಯೇ ಒಳಗೆ ಹೋಗುತ್ತೇವೆ. ಇಂದು ನಾನು ನಿಮ್ಮೊಂದಿಗೆ ಮಾತನಾಡಲಿರುವುದು ಆ ಫಲಕದ ಹಿಂದೆ ಕುಳಿತಿರುವವರ ಕೆಲಸವನ್ನು ಕುರಿತು.

ಆ ಕೆಲಸವನ್ನು ಹೀಗೆ ಹೇಳಬಹುದು: ಸರ್ಕಾರದ ಬಳಿ ಇರುವ ದಾಖಲೆಯನ್ನು ಕೇಳಿದ ನಾಗರಿಕನಿಗೆ ಕೊಡಬೇಕು, ಅದೇ ದಾಖಲೆಯಲ್ಲಿ ಇನ್ನೊಬ್ಬ ನಾಗರಿಕನ ಖಾಸಗಿ ಬದುಕು ಸೇರಿಕೊಂಡಿದ್ದರೆ ಅದನ್ನು ಕಾಯಬೇಕು. ಕೊಡುವುದೂ ಕರ್ತವ್ಯ, ಕಾಯುವುದೂ ಕರ್ತವ್ಯ. ಎರಡೂ ಒಂದೇ ಹಾಳೆಯ ಮೇಲೆ ಎದುರಾದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಮಾತಿನ ಉದ್ದೇಶ.

ಎರಡು ಹಕ್ಕುಗಳು ಬಂದ ದಾರಿ

ಸರ್ಕಾರದ ಕಾಗದಪತ್ರಗಳನ್ನು ಜನ ನೋಡಬಹುದು ಎಂದು ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1766ರಲ್ಲಿ. ನಮ್ಮಲ್ಲಿ ಬ್ರಿಟಿಷರ ಕಾಲದ 1923ರ ಅಧಿಕೃತ ರಹಸ್ಯಗಳ ಅಧಿನಿಯಮ ಇದಕ್ಕೆ ವಿರುದ್ಧವಾದ ಅಭ್ಯಾಸವನ್ನು ಬೆಳೆಸಿತ್ತು. ಕಚೇರಿಯ ಕಾಗದವೆಂದರೆ ಗುಟ್ಟು ಎಂಬುದೇ ರೂಢಿಯಾಗಿತ್ತು. ಆ ಅಭ್ಯಾಸವನ್ನು ಅಲುಗಾಡಿಸಿದವರು ರಾಜಸ್ಥಾನದ ಕೂಲಿಕಾರರು. 1990ರ ದಶಕದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ನೇತೃತ್ವದಲ್ಲಿ ಅವರು ಕೇಳಿದ್ದು ದೊಡ್ಡ ಸಂಗತಿಯನ್ನೇನೂ ಅಲ್ಲ: ಕೆಲಸಗಾರರ ಹಾಜರಿ ಪಟ್ಟಿ ತೋರಿಸಿ, ಬಿಲ್ಲು ತೋರಿಸಿ. ಆ ಪಟ್ಟಿಗಳನ್ನು ಊರ ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ, ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಬರೆದಿದ್ದು ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ನಡೆಸಿದ ಧರಣಿ 40 ದಿನಗಳ ಕಾಲ ನಡೆಯಿತು.

ನಮ್ಮ ಕರ್ನಾಟಕ 2000ರಲ್ಲೇ ತನ್ನದೇ ಆದ ಮಾಹಿತಿ ಹಕ್ಕು ಅಧಿನಿಯಮವನ್ನು ಮಾಡಿತ್ತು. ಮುಂದೆ ಸಂಸತ್ತು ಮಾಡಿದ ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು.

ಎರಡನೆಯದು ಖಾಸಗಿತನದ ಹಕ್ಕು. ಇದರ ಕಥೆಯಲ್ಲಿ ನಮ್ಮ ರಾಜ್ಯದವರೊಬ್ಬರ ಹೆಸರು ಶಾಶ್ವತವಾಗಿ ಸೇರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನವೇ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಹೀಗೆ ಎರಡು ಹಕ್ಕುಗಳೂ ಇವೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವೈರಿಗಳಂತೆ ಕಾಣಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ಅಧಿಕಾರವುಳ್ಳವರು ಏನು ಮಾಡುತ್ತಿದ್ದಾರೆಂದು ಸಾಮಾನ್ಯರಿಗೆ ತಿಳಿಯಬೇಕೆಂಬುದು ಮೊದಲ ಹಕ್ಕು. ಸಾಮಾನ್ಯರ ಬದುಕಿನೊಳಗೆ ಇತರರು ಕಾರಣವಿಲ್ಲದೆ ಇಣುಕಬಾರದೆಂಬುದು ಎರಡನೆಯದು. ಎರಡೂ ಕಾಯುವುದು ಬಲವಿಲ್ಲದವನನ್ನೇ.

ಅರ್ಜಿ ಬಂದ ಮೇಲೆ

ಈಗ ಕಚೇರಿಯೊಳಗೆ ಹೋಗೋಣ. ಅರ್ಜಿಯೊಂದು ಟಪಾಲಿನಲ್ಲಿ ಬರುತ್ತದೆ. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇದೆ. ಬಡತನ ರೇಖೆಗಿಂತ ಕೆಳಗಿರುವವರು ಆ ಶುಲ್ಕವನ್ನೂ ಕೊಡಬೇಕಾಗಿಲ್ಲ. ಬರೆಯಲು ಬಾರದವರು ಬಂದು ಬಾಯಲ್ಲಿ ಹೇಳಿದರೆ, ಅದನ್ನು ಬರಹಕ್ಕಿಳಿಸಲು ನೆರವಾಗುವುದೂ ಅಧಿಕಾರಿಯ ಕರ್ತವ್ಯ. ‘ಇದು ನಿಮಗೇಕೆ ಬೇಕು?’ ಎಂದು ಕೇಳುವಂತಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು.

ಅರ್ಜಿ ಸ್ವೀಕರಿಸಿದ ದಿನದಿಂದಲೇ ದಿನಗಳ ಎಣಿಕೆ ಆರಂಭ. ಮಾಹಿತಿ ಬೇರೆ ಕಚೇರಿಯದಾದರೆ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ತನ್ನದೇ ಆದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಒಬ್ಬನ ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ ಮಾತ್ರ. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿಯವರೆಗೆ ಮಾಹಿತಿ ಆಯೋಗವು ದಂಡ ಹಾಕುತ್ತದೆ. ಈ ದಂಡ ಕಚೇರಿಯ ಮೇಲಲ್ಲ, ಅಧಿಕಾರಿಯ ಮೇಲೆಯೇ ಬೀಳುತ್ತದೆ.

ಉತ್ತರ ಕೊಡಬೇಕಾದರೆ ಮೊದಲು ಕಡತ ಸಿಗಬೇಕಷ್ಟೆ. ಈ ಕೆಲಸದ ಅರ್ಧ ಭಾಗ ಇಲ್ಲಿಯೇ ಇದೆ. ದಾಖಲೆ ಕೋಣೆಯಲ್ಲಿ ಕಡತಗಳಿಗೆ ಸಂಖ್ಯೆ ಇರಬೇಕು, ಸೂಚಿ ಇರಬೇಕು, ಯಾವುದು ಎಷ್ಟು ವರ್ಷ ಉಳಿಯಬೇಕೆಂಬ ವರ್ಗೀಕರಣ ಇರಬೇಕು. ಕೆಲವು ಕಡತಗಳು ಶಾಶ್ವತ. ಕೆಲವಕ್ಕೆ ನಿಗದಿಯಾದ ವರ್ಷಗಳ ಆಯುಸ್ಸು. ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣ ಶುರುವಾಗುವುದೇ, ದಾಖಲೆಗಳನ್ನು ಪಟ್ಟಿಮಾಡಿ ಸೂಚಿಯೊಡನೆ ಇಡಬೇಕು ಎಂಬ ಮಾತಿನಿಂದ. ‘ಕಡತ ಸಿಗುತ್ತಿಲ್ಲ’ ಎಂಬ ಒಂದು ಸಾಲಿನ ಮುಂದೆ ಎಷ್ಟು ದೊಡ್ಡ ಹಕ್ಕಾದರೂ ನಿಷ್ಪ್ರಯೋಜಕ. ಆದ್ದರಿಂದ ಅಚ್ಚುಕಟ್ಟಾಗಿ ಸೂಚಿ ಬರೆಯುವ ಗುಮಾಸ್ತನನ್ನು ನಾನು ಈ ಹಕ್ಕಿನ ಮೊದಲ ಕಾವಲುಗಾರನೆಂದೇ ಕರೆಯುತ್ತೇನೆ.

ನಿಮ್ಮದೇ ಒಂದು ಉದಾಹರಣೆ: ಉತ್ತರ ಪತ್ರಿಕೆ

ಪರೀಕ್ಷೆ ಬರೆದಿದ್ದೀರಿ. ನಿರೀಕ್ಷಿಸಿದ ಅಂಕ ಬರಲಿಲ್ಲ. ನಿಮ್ಮ ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ನಿಮಗಿದೆಯೇ?

ಇದೇ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಕೊಡಲಾಗದು ಎಂದಿತ್ತು. 2011ರ ಆಗಸ್ಟ್‌ನಲ್ಲಿ ತೀರ್ಪು ಬಂದಿತು. ಅದನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಅವರು. ತನ್ನ ಉತ್ತರ ಪತ್ರಿಕೆಯನ್ನು ನೋಡುವ, ಅದರ ಪ್ರತಿ ಪಡೆಯುವ ಹಕ್ಕು ವಿದ್ಯಾರ್ಥಿಗಿದೆ ಎಂದು ನ್ಯಾಯಾಲಯ ಹೇಳಿತು.

ಆದರೆ ತೀರ್ಪು ಅಲ್ಲಿಗೇ ನಿಲ್ಲಲಿಲ್ಲ. ಉತ್ತರ ಪತ್ರಿಕೆಯ ಮೇಲೆ ಮೌಲ್ಯಮಾಪಕರ ಹೆಸರು, ಸಹಿ, ಸಂಕೇತ ಸಂಖ್ಯೆ ಇರಬಹುದು. ಅವು ಹೊರಬಿದ್ದರೆ, ಕಡಿಮೆ ಅಂಕ ಬಂದ ಯಾರಾದರೂ ಆ ಅಧ್ಯಾಪಕರ ಮನೆಯ ಮುಂದೆ ಹೋಗಿ ನಿಲ್ಲಬಹುದು. ಅವರ ಸುರಕ್ಷತೆಗೇ ಧಕ್ಕೆಯಾಗಬಹುದು. ಆದ್ದರಿಂದ ಆ ಭಾಗವನ್ನು ತೆಗೆದು ಅಥವಾ ಮುಚ್ಚಿ, ಉಳಿದದ್ದನ್ನು ಕೊಡಿ ಎಂದಿತು ನ್ಯಾಯಾಲಯ. ಗಮನಿಸಿ: ಮಂಡಳಿಯ ವಾದ ‘ಮೌಲ್ಯಮಾಪಕರ ಗುರುತು ಗೋಪ್ಯ, ಆದ್ದರಿಂದ ಪತ್ರಿಕೆಯನ್ನೇ ಕೊಡುವುದಿಲ್ಲ’ ಎಂಬಂತಿದ್ದರೆ, ನ್ಯಾಯಾಲಯ ಆ ಕಾಳಜಿಯನ್ನು ಒಪ್ಪಿತು, ಅದರಿಂದ ಎಳೆದ ತೀರ್ಮಾನವನ್ನು ಒಪ್ಪಲಿಲ್ಲ.

ಇನ್ನೂ ಒಂದು ಮಾತು ಆ ತೀರ್ಪಿನಲ್ಲಿದೆ. ಉತ್ತರ ಪತ್ರಿಕೆಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ನಿಯಮವಿದೆಯೋ ಅಷ್ಟು ಕಾಲ ಮಾತ್ರ ಈ ಹಕ್ಕು ನಡೆಯುತ್ತದೆ. ಆಮೇಲೆ ಪತ್ರಿಕೆ ಇರುವುದಿಲ್ಲ, ಹಕ್ಕು ಇದ್ದೂ ಉಪಯೋಗವಿಲ್ಲ. ಕೇಳುವುದಿದ್ದರೆ ಬೇಗ ಕೇಳಿ. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಪ್ರತಿ ಪಡೆಯುವ ವ್ಯವಸ್ಥೆಯೇ ಇದೆ.

ಮುಚ್ಚುವ ಕಲೆ, ಮುಚ್ಚುವ ವಿಜ್ಞಾನ

ಹೀಗೆ ಬೇರ್ಪಡಿಸಿ ಕೊಡುವುದಕ್ಕೆ ಅಧಿನಿಯಮದ 10ನೆಯ ಪ್ರಕರಣದಲ್ಲಿ ಅವಕಾಶವಿದೆ. ನನ್ನ ಮಟ್ಟಿಗೆ ಇಡೀ ಕಾನೂನಿನಲ್ಲಿ ಅತ್ಯಂತ ವಿವೇಕದ ಪ್ರಕರಣ ಇದೇ. ಕಲ್ಲು ಸಿಕ್ಕಿತೆಂದು ಅಕ್ಕಿಯನ್ನೆಲ್ಲ ಚೆಲ್ಲುವವರಿಲ್ಲ. ಮೊರದಲ್ಲಿ ಹಾಕಿ ಆರಿಸುತ್ತೇವೆ. ಕಡತಕ್ಕೂ ಅದೇ ನ್ಯಾಯ.

ನಮ್ಮ ದೂರದರ್ಶನದ ಕೆಲಸದಲ್ಲೂ ಈ ತೀರ್ಮಾನ ಮತ್ತೆ ಮತ್ತೆ ಎದುರಾಗುತ್ತದೆ. ಆಸ್ಪತ್ರೆಯೊಂದರಲ್ಲಿ ಹಾಸಿಗೆಗಳ ಕೊರತೆಯ ಬಗ್ಗೆ ಚಿತ್ರೀಕರಣ ಮಾಡಿದೆವು ಎನ್ನಿ. ಆಸ್ಪತ್ರೆಯ ಸ್ಥಿತಿ ಜನರಿಗೆ ತಿಳಿಯಲೇಬೇಕು. ನೆಲದ ಮೇಲೆ ಮಲಗಿರುವ ರೋಗಿ ಯಾರ ಮನೆಯವರು, ಅವರಿಗೆ ಯಾವ ಕಾಯಿಲೆ ಎಂಬುದು ತಿಳಿಯಬೇಕಾಗಿಲ್ಲ. ಸಂಕಲನದ ಕೋಣೆಯಲ್ಲಿ ಆ ಮುಖವನ್ನು ಮಸುಕು ಮಾಡುತ್ತೇವೆ, ಹಾಸಿಗೆಗೆ ಕಟ್ಟಿದ ಚೀಟಿಯನ್ನೂ ಮಸುಕು ಮಾಡುತ್ತೇವೆ, ಕಾರ್ಯಕ್ರಮ ಪ್ರಸಾರವಾಗುತ್ತದೆ.

ಮುಚ್ಚುವುದು ಕೂಡ ಅಂದುಕೊಂಡಷ್ಟು ಸರಳವಲ್ಲ. ಕಪ್ಪು ಶಾಯಿ ಬಳಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರ ಕಾಣಿಸಬಹುದು. ಆದ್ದರಿಂದ ಶಾಯಿ ಬಳಿದ ಹಾಳೆಯನ್ನು ಮತ್ತೊಮ್ಮೆ ನೆರಳಚ್ಚು ತೆಗೆದು ಆ ಪ್ರತಿಯನ್ನು ಕೊಡಬೇಕು. ಕಂಪ್ಯೂಟರಿನ ಕಡತದಲ್ಲಿ ಅಕ್ಷರದ ಮೇಲೆ ಕಪ್ಪು ಚೌಕವನ್ನು ಇಟ್ಟರೆ ಅಕ್ಷರ ಅಳಿಸಿಹೋಗುವುದಿಲ್ಲ. ಚೌಕದ ಕೆಳಗೇ ಇರುತ್ತದೆ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಹೊರಬರುತ್ತದೆ.

ಹೆಸರು ಅಳಿಸಿದ ಮಾತ್ರಕ್ಕೆ ಮನುಷ್ಯ ಅಡಗುತ್ತಾನೆಯೇ? ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು 1990ರ ದಶಕದಲ್ಲಿ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಒದಗಿಸಿತು. ಲಟಾನ್ಯ ಸ್ವೀನಿ ಎಂಬ ವಿದ್ಯಾರ್ಥಿನಿ ಒಂದು ಪಟ್ಟಣದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು, ಎರಡನ್ನೂ ಹೋಲಿಸಿ, ಆ ರಾಜ್ಯದ ಗವರ್ನರರ ಆಸ್ಪತ್ರೆ ದಾಖಲೆಯನ್ನೇ ಗುರುತಿಸಿದರು. ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ, ಈ ಮೂರು ಸೇರಿದರೆ ಸಾಕು, ಅಮೆರಿಕದ 87 ಶೇಕಡಾ ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂದು 2000ದಲ್ಲಿ ಅವರು ಲೆಕ್ಕ ಹಾಕಿದರು. ನಮ್ಮ ಹಳ್ಳಿಗಳಲ್ಲಿ ಇಷ್ಟೂ ಬೇಕಾಗಿಲ್ಲ. ‘ಊರಿನ ನಿವೃತ್ತ ಮುಖ್ಯೋಪಾಧ್ಯಾಯಿನಿ’ ಎಂದರೆ ಹೆಸರು ಹೇಳಿದಂತೆಯೇ. ಯಾವ ಸಾಲನ್ನು ಮುಚ್ಚಬೇಕೆಂದು ನಿರ್ಧರಿಸುವವನು ಆ ಸಾಲನ್ನಷ್ಟೇ ನೋಡಿದರೆ ಸಾಲದು. ಅದರ ಪಕ್ಕದಲ್ಲಿ ಯಾವ ಸಾಲು ನಿಲ್ಲಬಹುದೆಂದೂ ನೋಡಬೇಕು.

ಇನ್ನೊಂದು ಕಡತ: ಸಹಾಯಧನದ ಪಟ್ಟಿ

ಈಗ ಕೊಂಚ ಕಠಿಣವಾದ ಕಡತವನ್ನು ತೆಗೆದುಕೊಳ್ಳೋಣ. ನೀವೇ ಮಾಹಿತಿ ಅಧಿಕಾರಿಯ ಕುರ್ಚಿಯಲ್ಲಿ ಕುಳಿತಿದ್ದೀರಿ ಎಂದು ಭಾವಿಸಿ.

ಒಬ್ಬ ರೈತರು ಅರ್ಜಿ ಹಾಕಿದ್ದಾರೆ. ತಮ್ಮ ಹೋಬಳಿಯಲ್ಲಿ ಹನಿ ನೀರಾವರಿ ಸಹಾಯಧನ ಪಡೆದವರ ಪಟ್ಟಿ ಬೇಕು. ಜಮೀನೇ ಇಲ್ಲದವರಿಗೆ ಹಣ ಹೋಗಿದೆ ಎಂಬುದು ಅವರ ಅನುಮಾನ. ನಿಮ್ಮ ಮುಂದಿರುವ ವಹಿಯಲ್ಲಿ ಫಲಾನುಭವಿಯ ಹೆಸರು, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಕೊಟ್ಟ ಮೊತ್ತ, ಮಂಜೂರು ಮಾಡಿದ ಅಧಿಕಾರಿಯ ಸಹಿ ಇವೆ. ಅದೇ ಸಾಲಿನಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಇವೆ. ಒಬ್ಬರ ಅರ್ಜಿಗೆ ಅಂಗವೈಕಲ್ಯದ ವೈದ್ಯಕೀಯ ಪ್ರಮಾಣಪತ್ರವೂ ಲಗತ್ತಾಗಿದೆ.

ಏನು ಕೊಡುತ್ತೀರಿ? ಪ್ರತಿಯೊಂದು ಅಂಕಣಕ್ಕೂ ಈ ಪ್ರಶ್ನೆ ಹಾಕಿಕೊಳ್ಳಿ: ಸಾರ್ವಜನಿಕ ಹಣ ಸರಿಯಾದ ಕೈ ಸೇರಿತೇ ಎಂದು ತಿಳಿಯಲು ಇದು ಬೇಕೇ? ಹೆಸರು, ಗ್ರಾಮ, ಸರ್ವೆ ನಂಬರು, ಮೊತ್ತ ಬೇಕು. ಸರ್ವೆ ನಂಬರು ಹಿಡಿದು ಪಹಣಿ ತೆಗೆಸಿದರೆ ಜಮೀನು ಯಾರದೆಂದು ಯಾರು ಬೇಕಾದರೂ ನೋಡಬಹುದು. ಮಂಜೂರು ಮಾಡಿದ ಅಧಿಕಾರಿಯ ಹೆಸರಂತೂ ಬೇಕೇ ಬೇಕು. ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳಿಂದ ಆ ಪ್ರಶ್ನೆಗೆ ಯಾವ ಉತ್ತರವೂ ಸಿಗುವುದಿಲ್ಲ. ಮೋಸಗಾರರಿಗೆ ಮಾತ್ರ ಅನುಕೂಲ. ವೈದ್ಯಕೀಯ ಪ್ರಮಾಣಪತ್ರ ಆ ವ್ಯಕ್ತಿಯ ಸ್ವಂತ ಸಂಗತಿ.

ಇನ್ನೊಬ್ಬರು ಗೋಪ್ಯವಾಗಿಡಿ ಎಂದು ಒಪ್ಪಿಸಿದ ಮಾಹಿತಿಯನ್ನು ಕೊಡಬೇಕೆಂದಿದ್ದರೆ, 11ನೆಯ ಪ್ರಕರಣದಂತೆ 5 ದಿನಗಳೊಳಗೆ ಅವರಿಗೆ ನೋಟೀಸು ಕೊಡಬೇಕು. ಉತ್ತರಿಸಲು ಅವರಿಗೆ 10 ದಿನ. ತೀರ್ಮಾನಕ್ಕೆ ಒಟ್ಟು 40 ದಿನ. ಅವರ ಮಾತನ್ನು ಕೇಳಲೇಬೇಕು. ಆದರೆ ಕೊನೆಯ ತೀರ್ಮಾನ ನಿಮ್ಮದು, ಅದಕ್ಕೆ ಕಾರಣ ಬರೆಯಬೇಕಾದವರೂ ನೀವೇ.

2025ರಲ್ಲಿ ಆದ ಬದಲಾವಣೆ

ಈ ಕುರ್ಚಿಯಲ್ಲಿ ಕುಳಿತವರ ಹೊಣೆ ಈಚೆಗೆ ಇನ್ನೂ ಹೆಚ್ಚಿದೆ. ಮಾಹಿತಿ ಹಕ್ಕು ಅಧಿನಿಯಮದ 8ನೆಯ ಪ್ರಕರಣದಲ್ಲಿ, ಕೊಡಬೇಕಾಗಿಲ್ಲದ ಮಾಹಿತಿಗಳ ಪಟ್ಟಿ ಇದೆ. ಅದರ ಕೊನೆಯ ಖಂಡ ವೈಯಕ್ತಿಕ ಮಾಹಿತಿಯನ್ನು ಕುರಿತದ್ದು. 2005ರ ಮೂಲ ಪಾಠದಂತೆ, ಮಾಹಿತಿ ವೈಯಕ್ತಿಕ ಎಂದಷ್ಟೇ ಹೇಳಿ ತಿರಸ್ಕರಿಸುವಂತಿರಲಿಲ್ಲ. ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲವೆಂದೋ, ಅದು ಖಾಸಗಿತನದ ಮೇಲಿನ ಅನುಚಿತ ಆಕ್ರಮಣವಾಗುತ್ತದೆಂದೋ ಕಾಣಬೇಕಾಗಿತ್ತು. ಆಗಲೂ ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬಹುದಾಗಿತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ಖಂಡವನ್ನು ಬದಲಿಸಿತು. ಬದಲಾವಣೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಈಗ ಆ ಖಂಡದಲ್ಲಿ ಷರತ್ತುಗಳಿಲ್ಲ. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ ಎಂದಷ್ಟೇ ಇದೆ. ಅಕ್ಷರಶಃ ಓದಿದರೆ ನಮ್ಮ ಸಹಾಯಧನದ ಪಟ್ಟಿಯ ಹೆಸರೂ ವೈಯಕ್ತಿಕ, ಮಂಜೂರು ಮಾಡಿದ ಅಧಿಕಾರಿಯ ಹೆಸರೂ ವೈಯಕ್ತಿಕ. ಖಾಸಗಿತನ ಮೂಲಭೂತ ಹಕ್ಕಾದ ಮೇಲೆ ಇದು ಅಗತ್ಯವಾಗಿತ್ತು ಎಂಬುದು ಸರ್ಕಾರದ ನಿಲುವು. ಅಕ್ರಮ ಮಾಡಿದವರಿಗೆ ಇದು ಪರದೆಯಾಗುತ್ತದೆ ಎಂಬುದು ಮಾಹಿತಿ ಹಕ್ಕಿನ ಕಾರ್ಯಕರ್ತರ ಮತ್ತು ಅನೇಕ ಪತ್ರಕರ್ತರ ಆತಂಕ.

ಹಾಗಾದರೆ ಬಾಗಿಲು ಮುಚ್ಚಿಹೋಯಿತೇ? ಇಲ್ಲ. ಎರಡು ದಾರಿಗಳು ಉಳಿದಿವೆ. 8ನೆಯ ಪ್ರಕರಣದ 2ನೆಯ ಉಪಪ್ರಕರಣ ಹಾಗೆಯೇ ಇದೆ: ಕೊಡುವುದರಿಂದ ಆಗುವ ಸಾರ್ವಜನಿಕ ಹಿತವು, ಕಾಯಬೇಕಾದ ಹಿತಕ್ಕೆ ಆಗುವ ಹಾನಿಗಿಂತ ದೊಡ್ಡದಾಗಿದ್ದರೆ ಮಾಹಿತಿಯನ್ನು ಕೊಡಬಹುದು. ಎರಡನೆಯದಾಗಿ, ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರ, ಅಧಿಕಾರಿ ನೌಕರರ ಮಾಸಿಕ ವೇತನ ಮೊದಲಾದವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 4ನೆಯ ಪ್ರಕರಣ ಹೇಳುತ್ತದೆ. ಅದೂ ಕಾನೂನಿನಲ್ಲಿ ಹಾಗೆಯೇ ಇದೆ.

ಬದಲಾದದ್ದು ಭಾರ ಬೀಳುವ ಜಾಗ. ಮೊದಲು ತಕ್ಕಡಿ ಆ ಖಂಡದೊಳಗೇ ಇತ್ತು. ಈಗ ಅಧಿಕಾರಿಯೇ ಎದ್ದುಹೋಗಿ ತಕ್ಕಡಿಯನ್ನು ತರಬೇಕು. ಎದ್ದುಹೋಗದೆ ‘ವೈಯಕ್ತಿಕ ಮಾಹಿತಿ, ನಿರಾಕರಿಸಲಾಗಿದೆ’ ಎಂದು ಷರಾ ಬರೆದು ಕಡತ ಮುಚ್ಚುವುದು ಬಹಳ ಸುಲಭ. ಆ ಸುಲಭದ ದಾರಿಯಲ್ಲೇ ಅಪಾಯವಿರುವುದು. ಅರ್ಜಿದಾರರಿಗೂ ಇದರಲ್ಲಿ ಒಂದು ಪಾಠವಿದೆ. ಕಾರಣ ಹೇಳಬೇಕಾದ ಕಡ್ಡಾಯ ಈಗಲೂ ಇಲ್ಲ. ಆದರೆ ಬೇರೆ ವ್ಯಕ್ತಿಗಳ ಹೆಸರಿರುವ ದಾಖಲೆ ಕೇಳುವಾಗ, ಇದರಲ್ಲಿ ಇಂಥ ಸಾರ್ವಜನಿಕ ಹಿತವಿದೆ ಎಂದು ಎರಡು ಸಾಲು ಬರೆಯುವುದು ಜಾಣತನ. ಖಾತೆ ಸಂಖ್ಯೆ, ಫೋನು ಸಂಖ್ಯೆ ಬೇಡವೆಂದು ನೀವೇ ಸ್ಪಷ್ಟಪಡಿಸಿದರೆ ಇನ್ನೂ ಒಳ್ಳೆಯದು.

ನಿರಾಕರಣೆ ಬಂದರೆ ಅದರಲ್ಲಿ ಕಾರಣ ಇರಲೇಬೇಕು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದೂ ಇರಬೇಕು. ಪ್ರಥಮ ಮೇಲ್ಮನವಿಗೆ 30 ದಿನ. ಅಲ್ಲಿಯೂ ಸಮಾಧಾನವಾಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ನಿರಾಕರಿಸಿದ್ದು ಸರಿಯೆಂದು ಅಲ್ಲಿ ಸಾಬೀತು ಮಾಡಬೇಕಾದವರು ಅಧಿಕಾರಿಗಳೇ ಹೊರತು ನೀವಲ್ಲ.

ಈ ಕೆಲಸಕ್ಕೆ ಯಾರು ಬೇಕು?

ನಿಮ್ಮಲ್ಲಿ ಹಲವರು ನಾಳೆ ಪ್ರಥಮ ದರ್ಜೆ ಸಹಾಯಕರಾಗಿ, ತಹಶೀಲ್ದಾರರಾಗಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಾಗಿ ಸರ್ಕಾರಿ ಕಚೇರಿಗಳಿಗೆ ಹೋಗುವವರು. ಸಾರ್ವಜನಿಕ ಮಾಹಿತಿ ಅಧಿಕಾರಿ ಎಂಬ ಹುದ್ದೆಗೆ ಪ್ರತ್ಯೇಕ ಪರೀಕ್ಷೆ ಇರುವುದಿಲ್ಲ. ಇರುವ ಅಧಿಕಾರಿಗಳನ್ನೇ ಆ ಹೊಣೆಗೆ ಗೊತ್ತುಪಡಿಸುತ್ತಾರೆ. ಹೀಗಾಗಿ ಈ ಕೆಲಸ ಅನೇಕ ವೇಳೆ ಇತರ ಹತ್ತು ಕೆಲಸಗಳ ಮೇಲೆ ಬಂದು ಕೂರುವ ಹನ್ನೊಂದನೆಯ ಕೆಲಸ. ಹೊಸ ದತ್ತಾಂಶ ಕಾನೂನಿನ ಕಾರಣ, ಸರ್ಕಾರ ಗುರುತಿಸುವ ದೊಡ್ಡ ಸಂಸ್ಥೆಗಳೂ ದತ್ತಾಂಶ ಸಂರಕ್ಷಣಾ ಅಧಿಕಾರಿಗಳನ್ನು ನೇಮಿಸಿಕೊಳ್ಳಬೇಕಾಗುತ್ತದೆ.

ಇದಕ್ಕೆ ಬೇಕಾದ ಗುಣಗಳು ಯಾವುವು? ಕಾನೂನಿನ ಪಾಠವನ್ನು ತಾಳ್ಮೆಯಿಂದ ಓದುವ ಅಭ್ಯಾಸ ಬೇಕು. ಸರಳ ಕನ್ನಡದಲ್ಲಿ ಕಾರಣ ಬರೆಯಬಲ್ಲ ಶಕ್ತಿ ಬೇಕು. ದಾಖಲೆಗಳನ್ನು ಒಪ್ಪವಾಗಿ ಇಡುವ ಶಿಸ್ತು ಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ಎದುರಿಗೆ ನಿಂತ ಅರ್ಜಿದಾರರನ್ನೂ, ಎದುರಿಗಿಲ್ಲದ, ಕಡತದೊಳಗೆ ಹೆಸರಾಗಿ ಮಾತ್ರ ಉಳಿದಿರುವ ವ್ಯಕ್ತಿಯನ್ನೂ ಒಟ್ಟಿಗೆ ನೆನೆಯಬಲ್ಲ ಮನಸ್ಸು ಬೇಕು. ಸದುದ್ದೇಶದಿಂದ ತೀರ್ಮಾನ ಮಾಡಿದ ಅಧಿಕಾರಿಗೆ 21ನೆಯ ಪ್ರಕರಣದಲ್ಲಿ ರಕ್ಷಣೆಯೂ ಇದೆ. ಹೆದರಿ ಮುಚ್ಚಬೇಕಾದ ಕಾರಣವಿಲ್ಲ.

ಮಾಡಿ ನೋಡಿ

ಈ ವಾರ ನಿಮ್ಮ ಹತ್ತಿರದ ಒಂದು ಸರ್ಕಾರಿ ಕಚೇರಿಗೆ ಹೋಗಿ ಆ ಫಲಕವನ್ನು ಓದಿ ಬನ್ನಿ. ಆ ಕಚೇರಿ 4ನೆಯ ಪ್ರಕರಣದಂತೆ ಪ್ರಕಟಿಸಬೇಕಾದ 17 ಅಂಶಗಳ ಕೈಪಿಡಿ ಎಲ್ಲಿದೆ ಎಂದು ವಿನಯದಿಂದ ಕೇಳಿ. ಆಮೇಲೆ ತರಗತಿಯಲ್ಲಿ ಕೂತು, ನಿಮ್ಮ ಕಾಲೇಜಿನ ಪ್ರವೇಶ ಅರ್ಜಿಯ ಖಾಲಿ ನಮೂನೆಯೊಂದನ್ನು ಮುಂದಿಟ್ಟುಕೊಳ್ಳಿ. ಅದರಲ್ಲಿ ಯಾವ ಅಂಕಣವನ್ನು ಯಾರು ಬೇಕಾದರೂ ನೋಡಬಹುದು, ಯಾವುದನ್ನು ಮುಚ್ಚಬೇಕು, ಏಕೆ ಎಂದು ಗೆಳೆಯರೊಂದಿಗೆ ಚರ್ಚಿಸಿ. ಒಬ್ಬರು ಅರ್ಜಿದಾರರ ಪರ, ಒಬ್ಬರು ನಮೂನೆ ತುಂಬಿದವರ ಪರ, ಒಬ್ಬರು ಮಾಹಿತಿ ಅಧಿಕಾರಿ. ಪ್ರತಿ ತೀರ್ಮಾನಕ್ಕೂ ಒಂದು ವಾಕ್ಯದ ಕಾರಣ ಬರೆಯಿರಿ. ಬರೆಯಲು ಕಾರಣ ಸಿಗದಿದ್ದರೆ ಆ ಅಂಕಣವನ್ನು ಮುಚ್ಚಬೇಡಿ.

ಸರ್ಕಾರದ ಕಡತ ತೆರೆದಿರಲಿ, ಅದರೊಳಗಿನ ಮನುಷ್ಯನ ಮಾನ ಉಳಿದಿರಲಿ. ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವೇನೋ ಹೌದು. ಅದಕ್ಕೆಂದೇ ಅದು ಗೌರವದ ಕೆಲಸ. ಆ ಫಲಕದ ಮೇಲೆ ಮುಂದೊಂದು ದಿನ ನಿಮ್ಮ ಹುದ್ದೆಯ ಹೆಸರು ಬಂದಾಗ, ಅರ್ಜಿ ಹಿಡಿದು ಬಂದವರಿಗೆ ಮೊದಲು ಒಂದು ಕುರ್ಚಿ ಕೊಡಿ. ಆಮೇಲೆ ಕಡತ ತರಿಸಿ.